ನಾವು ಎಂಟು ಜನ ಇದ್ವಿ

1/9

ಮೊದಲ ಫೋಟೋದಲ್ಲಿ ಎಂಟು ಜನ ಇದ್ದೀವಿ, ಎಣಿಸ್ಕೊಳ್ಳಿ. ಇಬ್ಬರ ಮುಖಕ್ಕೆ ಸೂರ್ಯಕಾಂತಿ ಸ್ಟಿಕರ್ ಅಂಟಿಸಿದ್ದೀನಿ. ಚೆಂದ ಕಾಣಲಿ ಅಂತ ಅಲ್ಲ. ಒಬ್ಬಳು ಕಬಡ್ಡಿ ಆಡ್ತಾಳೆ ಅಂತ ಅವಳ ಮನೇಲಿ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬಳು ‘ಬರೆಯೋದಾದ್ರೆ ಬರಿ, ನನ್ನ ಮುಖ ಬೇಡ, ಹೆಸರೂ ಬೇಡ’ ಅಂದಿದ್ದಾಳೆ. ಅವಳಿಗೆ ಕೊಟ್ಟ ಮಾತಿಗೋಸ್ಕರ ಈ ಸೀರೀಸ್‌ನಲ್ಲಿ ಯಾರ ಹೆಸರೂ ಬರಲ್ಲ, ಯಾರನ್ನೂ ಟ್ಯಾಗ್ ಮಾಡಲ್ಲ. ಕಾರ್ನರ್, ಕವರ್, ಸೆಂಟರ್ ಅಂತ ಆಡೋ ಜಾಗದ ಹೆಸರಲ್ಲೇ ಕರೀತೀನಿ. ಕಮೆಂಟ್‌ನಲ್ಲಿ ನೀವೂ ಹೆಸರು ಹಾಕಬೇಡಿ, ಪ್ಲೀಸ್.

ಮೊನ್ನೆ ಸ್ಟೋರಿಯಲ್ಲಿ ‘ನಮ್ಮ ಹುಡುಗೀರ ಕಬಡ್ಡಿ ಟೀಮಿನ ಕಳೆದ ಸೀಸನ್ ಬಗ್ಗೆ ಬರೀತೀನಿ’ ಅಂತ ಹಾಕಿದ್ದೆ. ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ‘ನಮ್ಮ ಕಾಲೇಜಲ್ಲಿ ಹುಡುಗೀರ ಟೀಮ್ ಇದೆಯಾ?’ ಇದೆ ಕಣ್ರೋ. ಹಿಂದುಗಡೆ ನೀವು ಬೈಕ್ ನಿಲ್ಲಿಸ್ತೀರಲ್ಲ, ಸಂಜೆ ನಾಲ್ಕರ ಮೇಲೆ ಆ ಜಾಗ ನಮ್ಮದು. ನಿಮ್ಮ ಪಲ್ಸರಿಂದ ಸೋರಿದ ಆಯಿಲ್ ಮೇಲೆ ಮಣ್ಣು ಹಾಕಿ ಮುಚ್ಚೋದೇ ನಮ್ಮ ವಾರ್ಮ್ ಅಪ್.

ಇದನ್ನ ಬರೆಯೋಕೆ ಇನ್ನೊಂದು ಕಾರಣ ಇದೆ. ನಿಮ್ಮಲ್ಲಿ ತುಂಬ ಜನ ಕಳೆದ ವರ್ಷ ನನ್ನ ನಂಬರಿಗೆ ಐವತ್ತು, ನೂರು ಅಂತ ದುಡ್ಡು ಕಳಿಸಿದ್ರಿ. ಯಾಕೆ ಬೇಕು ಅಂತ ನಾನು ಪೂರ್ತಿ ಹೇಳಿರಲಿಲ್ಲ.

2/9

ನಮ್ಮ ದೊಡ್ಡಪ್ಪನ ಮಗ ಅಮೆರಿಕದಲ್ಲಿ ಓದ್ತಿದ್ದಾನೆ. ಅವನಿರೋ ಊರಲ್ಲಿ ಒಂದು ಸಣ್ಣ ಕಾಲೇಜಿದೆ. ಅದರ ಅಮೆರಿಕನ್ ಫುಟ್ಬಾಲ್ ಮ್ಯಾಚಿನ ವಿಡಿಯೋ ಕಳಿಸಿದ್ದ. ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು, ಬ್ಯಾಂಡ್ ಸೆಟ್ಟು, ಬೆಂಚಲ್ಲಿ ಒಂದು ಹಳ್ಳಿಗಾಗುವಷ್ಟು ಜನ. ‘ಇದು ಏನೂ ಅಲ್ಲ, ಡಿವಿಷನ್ 3’ ಅಂದ. ಆ ಡಿವಿಷನ್ನಿನ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗೇ ಇಲ್ಲವಂತೆ, ಹುಡುಗರು ಸುಮ್ಮನೆ ಆಸೆಗೆ ಆಡ್ತಾರೆ. ಹಾಗಿದ್ರೂ ಸೆಪ್ಟೆಂಬರಿಂದ ನವೆಂಬರ್‌ವರೆಗೆ ಶನಿವಾರ ಶನಿವಾರ ಒಂದೊಂದು ಅಂತ ಹತ್ತು ಮ್ಯಾಚು. ಒಂದು ಸೋತ್ರೆ ಮುಂದಿನ ಶನಿವಾರ ಇದ್ದೇ ಇದೆ.

ನಂಗೆ ಹೊಟ್ಟೆ ಉರೀತು. ಪ್ಯಾಡ್ ನೋಡಿ ಅಲ್ಲ, ಆ ‘ಮುಂದಿನ ಶನಿವಾರ’ ನೋಡಿ.

ನಮ್ಮ ಸೀಸನ್ ಹೇಗಿರುತ್ತೆ ಗೊತ್ತಾ? ಒಂದು ದಿನ ಯೂನಿವರ್ಸಿಟಿಯಿಂದ ಸರ್ಕ್ಯುಲರ್ ಬರುತ್ತೆ, ಇಂಥ ದಿನ ಇಂಥ ಕಾಲೇಜಲ್ಲಿ ಅಂತರ ಕಾಲೇಜು ಮಹಿಳಾ ಕಬಡ್ಡಿ. ನಾಕ್‌ಔಟ್. ಬೆಳಿಗ್ಗೆ ಸೋತ್ರೆ ಮಧ್ಯಾಹ್ನ ಊಟಕ್ಕೆ ಮನೇಲಿರ್ತೀರ. ಮೂರು ತಿಂಗಳು ಪ್ರ್ಯಾಕ್ಟೀಸ್ ಮಾಡಿದ್ದು ಅರ್ಧ ಗಂಟೆಯಲ್ಲಿ ಮುಗಿದುಹೋಗಬಹುದು. ಮೊದಲನೇ ವರ್ಷ ನಮಗೆ ಆಗಿದ್ದೂ ಅದೇ. 9ಕ್ಕೆ ಮ್ಯಾಚ್ ಶುರು, 10ಕ್ಕೆ ಗೇಟ್ ಹತ್ರ ಚುರುಮುರಿ ತಿಂತಿದ್ವಿ.

ಆಟ ನೋಡೋಕೆ ಯೂನಿವರ್ಸಿಟಿ ಸೆಲೆಕ್ಟರ್‌ಗಳು ಬಂದಿರ್ತಾರೆ. ಚೆನ್ನಾಗಿ ಆಡಿದವರನ್ನ ಟ್ರಯಲ್ಸ್‌ಗೆ ಕರೀತಾರೆ, ಅಲ್ಲಿ ಆಯ್ಕೆಯಾದವರು ಯೂನಿವರ್ಸಿಟಿ ಟೀಮಲ್ಲಿ ದಕ್ಷಿಣ ವಲಯಕ್ಕೆ ಹೋಗ್ತಾರೆ. ಅಂದ್ರೆ ಬೇರೆ ರಾಜ್ಯ, ಟ್ರೈನು, ಟ್ರ್ಯಾಕ್ ಸೂಟು, ಎದೆ ಮೇಲೆ ಯೂನಿವರ್ಸಿಟಿ ಹೆಸರು. ಆ ಟ್ರ್ಯಾಕ್ ಸೂಟಿನ ಮೇಲೆ ನಂಗೆ ಎಷ್ಟು ಆಸೆ ಇತ್ತು ಅನ್ನೋದನ್ನ ಈಗಲೇ ಒಪ್ಕೊಂಡುಬಿಡ್ತೀನಿ, ಮುಂದೆ ಬೇಕಾಗುತ್ತೆ.

3/9

ಕಬಡ್ಡಿ ಅಂದ್ರೆ ಟಿವಿಯಲ್ಲಿ ನೋಡಿರ್ತೀರ. ಆದ್ರೂ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರೆ ಆರನೇ ಭಾಗ ಅರ್ಥ ಆಗಲ್ಲ.

ಹುಡುಗರ ಕೋರ್ಟ್ 13 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮದು 12 ಉದ್ದ, 8 ಅಗಲ. ಕಡೆಗೆ ಏಳು ಜನ ಕೋರ್ಟಲ್ಲಿ, ಐದು ಜನ ಹೊರಗೆ, ಒಟ್ಟು ಹನ್ನೆರಡು ಇರಬೇಕು. ನಾವು ಎಂಟು. ರೈಡರ್‌ಗೆ 30 ಸೆಕೆಂಡ್. ಎರಡು ರೈಡ್ ಖಾಲಿ ಬಂದ್ರೆ ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರಲೇಬೇಕು, ತರದಿದ್ರೆ ರೈಡರ್ ಔಟ್. ಹಿಡಿಯೋ ಕಡೆ ಮೂರೋ ಅದಕ್ಕಿಂತ ಕಮ್ಮಿಯೋ ಜನ ಉಳಿದಾಗ ರೈಡರನ್ನ ಹಿಡಿದ್ರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್. ಕಮ್ಮಿ ಜನ ಇದ್ದವರಿಗೆ ಜಾಸ್ತಿ ಕೊಡೋ ನಿಯಮ ನಂಗೆ ಗೊತ್ತಿರೋ ಹಾಗೆ ಬೇರೆ ಎಲ್ಲೂ ಇಲ್ಲ. ನಮ್ಮಂಥ ಕಾಲೇಜಿಗೆ ಅಂತಲೇ ಮಾಡಿದ ಹಾಗಿದೆ.

ಲೆಫ್ಟ್ ಕಾರ್ನರ್ ಅಂದ್ರೆ ಸಾಲಿನ ಎಡ ತುದಿಯಲ್ಲಿ ನಿಲ್ಲೋವಳು. ಅವಳ ಕೆಲಸ ಕಾಲು ಹಿಡಿಯೋದು. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ಹಾರಿ ಹಿಮ್ಮಡಿ ಮೇಲಿನ ಗಂಟನ್ನ ಎರಡೂ ಕೈಯಲ್ಲಿ ಹಿಡೀಬೇಕು. ಅರ್ಧ ಸೆಕೆಂಡ್ ತಡ ಆದ್ರೆ ಮುಖಕ್ಕೆ ಒದೆ. ನಮ್ಮ ಲೆಫ್ಟ್ ಕಾರ್ನರ್ ಬಿಎ ಹುಡುಗಿ, ಮನೆ ಚೊಕ್ಕಸಂದ್ರ ಕಡೆ, ಅಪ್ಪ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡ್ತಾರೆ. ನೋಡೋಕೆ ಸಣ್ಣ. ಕ್ಲಾಸಲ್ಲಿ ಹಾಜರಿ ಕೂಗಿದಾಗ ‘ಎಸ್ ಮ್ಯಾಮ್’ ಅನ್ನೋದೂ ಕೇಳಲ್ಲ. ಆದ್ರೆ ಅವಳು ಹಿಡಿದ ಕಾಲು ಬಿಡಿಸಿಕೊಂಡು ಹೋದವರನ್ನ ನಾನು ನೋಡಿಲ್ಲ. ಬಾವಿ ಹಗ್ಗ ಹಿಡಿದ ಹಾಗೆ ಹಿಡೀತಾಳೆ.

ನಾನು ರೈಡರ್. ನಮ್ಮಲ್ಲಿ ಇದ್ದವರಲ್ಲಿ ಸ್ವಲ್ಪ ಜೋರು ಅಷ್ಟೆ.

ಇನ್ನೊಂದು ಸಮಸ್ಯೆ ಮ್ಯಾಟು. ನಾವು ಮಣ್ಣಲ್ಲಿ ಕಲೀತೀವಿ, ಟೂರ್ನಮೆಂಟ್ ಮ್ಯಾಟ್ ಮೇಲೆ. ಮಣ್ಣಲ್ಲಿ ಕಾಲು ಜಾರುತ್ತೆ, ಜಾರಿದಷ್ಟು ಗಂಟಿಗೆ ಒಳ್ಳೇದು. ಮ್ಯಾಟ್ ಕಾಲನ್ನ ಹಿಡ್ಕೊಂಡುಬಿಡುತ್ತೆ. ಮೈ ತಿರುಗುತ್ತೆ, ಪಾದ ತಿರುಗಲ್ಲ. ಬರಿಗಾಲಲ್ಲಿ ಆಡಿದ್ರೆ ಅಂಗಾಲು ಸುಟ್ಟ ಹಾಗಾಗುತ್ತೆ, ಅದಕ್ಕೆ ಶೂ ಬೇಕು.

4/9

ಶೂ ಅಂದ್ರೆ ದುಡ್ಡು, ದುಡ್ಡು ಅಂದ್ರೆ ನಾನು. ಬಿಕಾಂ ಓದ್ತೀನಿ ಅನ್ನೋ ಒಂದೇ ಕಾರಣಕ್ಕೆ ಟೀಮಿನ ಲೆಕ್ಕದ ಪುಸ್ತಕ ನನ್ನ ತಲೆಗೆ ಕಟ್ಟಿದ್ರು. ಮೂರನೇ ಫೋಟೋ ಅದೇ, ಝೂಮ್ ಮಾಡಿ ನೋಡಿ.

ಕಾಲೇಜು ಕೊಟ್ಟಿದ್ದು 4,000. ಜೆರ್ಸಿ ಎಂಟಕ್ಕೆ ತಲಾ 350ರಂತೆ 2,800. ಶೂ ಮೂರು ಜೊತೆಗೆ ತಲಾ 900ರಂತೆ 2,700. ಒಟ್ಟು 5,500. ಕೊರತೆ 1,500. ಎಂಟೂ ಜನ 200 ಹಾಕಿದ್ವಿ, 1,600 ಆಯ್ತು. ಉಳಿದ ನೂರು ರೂಪಾಯಿಗೆ ಒಂದು ಕ್ರೇಪ್ ಬ್ಯಾಂಡೇಜ್. ನೋವಿನ ಸ್ಪ್ರೇ ಹುಡುಗರ ಟೀಮಿಂದ ಸಾಲ.

ಎಂಟು ಜನಕ್ಕೆ ಮೂರು ಜೊತೆ ಶೂ. ಎರಡು 6ನೇ ಸೈಜು, ಒಂದು 7. ಇಬ್ಬರು ಮನೆಯಿಂದ ಸ್ವಂತದ್ದು ತಂದ್ರು. ಉಳಿದವರಲ್ಲಿ ರೈಡರ್‌ಗಳಿಗೂ ಕಾರ್ನರ್‌ಗಳಿಗೂ ಮೊದಲು, ಕವರ್‌ಗಳು ಸಾಕ್ಸ್ ಮೇಲೆ ಸಾಕ್ಸ್ ಹಾಕ್ಕೊಂಡು ಆಡಬೇಕು ಅಂತ ತೀರ್ಮಾನ ಆಯ್ತು. ಲೆಫ್ಟ್ ಕಾರ್ನರ್ ಕಾಲು 5ನೇ ಸೈಜು. 6ರ ಶೂಗೆ ಮುಂದೆ ಹತ್ತಿ ತುರುಕಿ ಹಾಕ್ಕೊಂಡಿದ್ಲು. ಈಗ ಯೋಚಿಸಿದ್ರೆ ಅಲ್ಲೇ ಎಡವಿದ್ವಿ ಅನ್ಸುತ್ತೆ. ಲೆಕ್ಕದಲ್ಲಿ 6ನೇ ಸೈಜು ‘ಎಲ್ಲರಿಗೂ ಆಗುತ್ತೆ’ ಅಂತ ಬರೆದಿದ್ದು ನಾನೇ.

ಓಡಾಟಕ್ಕೆ ಮಾತ್ರ ಖರ್ಚಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದಲ್ಲಿ ಹುಡುಗೀರಿಗೆ ಸಾಮಾನ್ಯ ಬಸ್ ಫ್ರೀ ಅಲ್ವಾ. ಎಂಟನೇ ಮೈಲಿಯಲ್ಲಿ ಹತ್ತಿದ್ವಿ, ಕಂಡಕ್ಟರ್ ಎಂಟು ಶೂನ್ಯ ಟಿಕೆಟ್ ಹರಿದು ಕೊಟ್ರು. ಪಕ್ಕದಲ್ಲಿ ಹುಡುಗರ ಟೀಮು ದಾಸರಹಳ್ಳಿ ಸ್ಟೇಷನ್‌ನಿಂದ ಮೆಟ್ರೋಗೆ ದುಡ್ಡು ಕೊಟ್ಟು ಹೋದ್ರು. ಜೀವಮಾನದಲ್ಲಿ ಮೊದಲ ಸಲ ಹುಡುಗೀರ ಟೀಮಿನ ಬಜೆಟ್ ಹುಡುಗರದ್ದಕ್ಕಿಂತ ಆರಾಮಾಗಿತ್ತು. ಅವರು ಅರ್ಧ ಗಂಟೆ ಮೊದಲೇ ತಲುಪಿ ಇಡ್ಲಿ ತಿಂದಿದ್ರು, ನಾವಿನ್ನೂ ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಇದ್ವಿ, ಅದು ಬೇರೆ ವಿಷಯ.

5/9

ಈ ಭಾಗ ಬೇಡ ಅಂದವರು ಮುಂದಕ್ಕೆ ಹೋಗಿ. ಆದ್ರೆ ‘ಹುಡುಗೀರು ಕಬಡ್ಡಿ ಆಡಿ ಏನ್ ಮಾಡ್ತೀರ’ ಅಂತ ಕೇಳಿದ ಅಣ್ಣಂದಿರು ದಯವಿಟ್ಟು ಇಲ್ಲೇ ನಿಲ್ಲಿ.

ಏಷ್ಯನ್ ಗೇಮ್ಸಲ್ಲಿ ಗಂಡಸರ ಕಬಡ್ಡಿ ಬಂದಿದ್ದು 1990ರಲ್ಲಿ, ಬೀಜಿಂಗ್. ಹೆಂಗಸರದ್ದು 2010ರಲ್ಲಿ, ಗುವಾಂಗ್‌ಝೌ. ನಡುವೆ ಇಪ್ಪತ್ತು ವರ್ಷ, ಅಂದ್ರೆ ನನ್ನ ಪೂರ್ತಿ ವಯಸ್ಸು. 2010ರ ಚಿನ್ನದ ಟೀಮಲ್ಲಿ ನಮ್ಮ ಬೆಂಗಳೂರಿನ ತೇಜಸ್ವಿನಿ ಬಾಯಿ, ಕಾರ್ಕಳ ಕಡೆಯ ಮಮತಾ ಪೂಜಾರಿ ಇಬ್ಬರೂ ಇದ್ರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. 2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದಾಗ ಕ್ಯಾಪ್ಟನ್ ಮಮತಾ. 2018ರ ಜಕಾರ್ತಾದಲ್ಲಿ ಫೈನಲ್ ಇರಾನ್ ಕೈಲಿ 24–27ಕ್ಕೆ ಸೋತ್ವಿ. ಇರಾನ್ ಹುಡುಗೀರಿಗೆ ಕಲಿಸಿದ್ದು ಯಾರು ಅಂದ್ರೆ ನಾಸಿಕ್‌ನ ಶೈಲಜಾ ಜೈನ್, ನಮ್ಮ ದೇಶದವರೇ! ಆ ಬೆಳ್ಳಿ ಗೆದ್ದ ಟೀಮಲ್ಲಿ ಬೆಂಗಳೂರಿನ ಉಷಾ ರಾಣಿ ಇದ್ರು, ಕರ್ನಾಟಕ ಪೊಲೀಸಲ್ಲಿ ಕೆಲಸ. ಮುಂದಿನ ಗೇಮ್ಸ್, 2023ರಲ್ಲಿ ಹಾಂಗ್‌ಝೌನಲ್ಲಿ, ತೈವಾನ್ ಮೇಲೆ 26–25ಕ್ಕೆ ಚಿನ್ನ ವಾಪಸ್. ಒಂದೇ ಒಂದು ಪಾಯಿಂಟ್.

ಪ್ರೊ ಕಬಡ್ಡಿ 2014ರಿಂದ ನಡೀತಿದೆ. ನಮ್ಮ ಬುಲ್ಸ್ 2019ರ ಜನವರಿಯಲ್ಲಿ ಗುಜರಾತ್ ಮೇಲೆ 38–33ಕ್ಕೆ ಕಪ್ ಗೆದ್ದಾಗ ನಮ್ಮ ರೋಡಲ್ಲಿ ಪಟಾಕಿ ಹೊಡೆದಿದ್ದು ನೆನಪಿದೆ, ನಾನಿನ್ನೂ ಸ್ಕೂಲಲ್ಲಿದ್ದೆ. ಆ ಫೈನಲ್ಲಲ್ಲಿ ಒಬ್ಬನೇ 22 ಪಾಯಿಂಟ್ ತಂದ ಪವನ್ ಸೆಹ್ರಾವತ್‌ನ 2023ರ ಹರಾಜಲ್ಲಿ 2 ಕೋಟಿ 60 ಲಕ್ಷಕ್ಕೆ ಕೊಂಡ್ಕೊಂಡ್ರು. ಹೆಂಗಸರಿಗೆ ಅದರ ಜೊತೆಗೇ 2016ರಲ್ಲಿ ಒಂದು ಸಣ್ಣ ಲೀಗ್ ಮಾಡಿದ್ರು, ಮೂರೇ ಟೀಮು. ಮೂರರಲ್ಲಿ ಎರಡಕ್ಕೆ ಕ್ಯಾಪ್ಟನ್ ತೇಜಸ್ವಿನಿ ಮತ್ತು ಮಮತಾ. ಆಮೇಲೆ ಅದು ಮುಂದುವರೀಲಿಲ್ಲ.

ಹಾಗಾಗಿ ನಮಗೆ ಹರಾಜಿನ ಕನಸಿಲ್ಲ. ನಮ್ಮ ಕನಸು ಕೆಲಸ. ಮಮತಾ ರೈಲ್ವೆ, ಉಷಾ ರಾಣಿ ಪೊಲೀಸ್. ನಮ್ಮ ಲೆಫ್ಟ್ ಕಾರ್ನರ್ ಫೋನ್ ವಾಲ್‌ಪೇಪರ್ ಉಷಾ ರಾಣಿ ಫೋಟೋ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಕೆರೆ ಸುತ್ತ ಓಡ್ತಿದ್ಲು. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ಓಟ, ಜಂಪು, ಗುಂಡು ಎಸೆತ ಎಲ್ಲ ಅಭ್ಯಾಸ ಆಗಬೇಕು ಅಂತ. ಯೂನಿವರ್ಸಿಟಿ ಸರ್ಟಿಫಿಕೇಟ್ ಒಂದು ಸಿಕ್ರೆ ಎಲ್ಲಾದ್ರೂ ಕೈ ಹಿಡಿಯುತ್ತೆ ಅಂತ ಹೇಳ್ತಿದ್ಲು. ನಂಗೆ ಟ್ರ್ಯಾಕ್ ಸೂಟ್ ಬೇಕಿತ್ತು. ಅವಳಿಗೆ ಸಂಬಳ ಬೇಕಿತ್ತು.

6/9

ಟೂರ್ನಮೆಂಟ್ ದಿನ. ಊರಿನ ಇನ್ನೊಂದು ತುದಿಯ ದೊಡ್ಡ ಕಾಲೇಜು. ನಿಜವಾದ ಗ್ರೌಂಡು, ಶಾಮಿಯಾನ, ಮೈಕು. ಮೈಕಲ್ಲಿ ನಮ್ಮ ಹೆಸರು ಕರೆದವರು ‘ದಾಸರಹಳ್ಳಿ, ಹೆಬ್ಬಾಳ’ ಅಂದ್ರು. ‘ಸರ್, ಟಿ. ದಾಸರಹಳ್ಳಿ, ತುಮಕೂರು ರೋಡು’ ಅಂತ ಹೋಗಿ ಹೇಳಿದೆ. ಎರಡನೇ ಸಲವೂ ಹೆಬ್ಬಾಳ ಅಂತಲೇ ಕರೆದ್ರು.

ಮೊದಲ ಮ್ಯಾಚು ನಾವು ಆಡಲೇ ಇಲ್ಲ. ಎದುರಾಳಿ ಕಾಲೇಜು ಬರಲಿಲ್ಲ, ವಾಕ್‌ಓವರ್. ಅವರಿಗೂ ಏಳು ಜನ ಸಿಗಲಿಲ್ಲವೋ ಏನೋ. ನಮಗೆ ಖುಷಿ ಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಆ ಖಾಲಿ ಅರ್ಧ ಕೋರ್ಟ್ ನೋಡ್ತಾ ನಿಂತಾಗ ರೈಟ್ ಕವರ್ ಅಂದ್ಲು, ‘ಅದು ನಾವೇ ಆಗಿರಬಹುದಿತ್ತು ಕಣೆ.’ ಹೋದ ವರ್ಷ ಒಬ್ಬಳಿಗೆ ಇಂಟರ್ನಲ್ಸ್ ಇದ್ದಿದ್ರೆ ನಾವೂ ಹಾಗೇ.

ಎರಡನೇ ಮ್ಯಾಚು 11 ಗಂಟೆಗೆ. ಹದಿನೈದು ನಿಮಿಷದ ಎರಡು ಹಾಫು. ಎದುರಾಳಿಗಳೂ ನಮ್ಮಂಥವರೇ, ಅರ್ಧ ಟೀಮಿಗೆ ಮ್ಯಾಟ್ ಹೊಸದು. ಮೊದಲ ಹಾಫಲ್ಲಿ ನಾನು ಏಳು ಪಾಯಿಂಟ್ ತಂದೆ, ಅದನ್ನ ಬೇಕಾದ್ರೆ ಫ್ರೇಮ್ ಹಾಕಿಸ್ತೀನಿ. ಎರಡನೇ ಹಾಫಲ್ಲಿ ಒಂದೊಂದೇ ಬಿಟ್ಕೊಟ್ಟು ಕೊನೆ ರೈಡಿಗೆ ಬಂದಾಗ ನಾವು 20, ಅವರು 21. ನಮ್ಮ ಕೋರ್ಟಲ್ಲಿ ಉಳಿದಿದ್ದು ಮೂರೇ ಜನ. ಲೆಫ್ಟ್ ಕಾರ್ನರ್, ರೈಟ್ ಕವರ್, ನಾನು. ರೈಡ್ ಅವರದ್ದು, ಡೂ ಆರ್ ಡೈ.

ಈಗ ಮೂರನೇ ಭಾಗದ ನಿಯಮ ನೆನಪು ಮಾಡ್ಕೊಳ್ಳಿ. ಖಾಲಿ ಹೋದ್ರೂ ಅವರ ರೈಡರ್ ಔಟು, ಸ್ಕೋರ್ ಸಮ. ಅದಕ್ಕೆ ಅವಳು ಮುಟ್ಟಲೇಬೇಕು. ನಾವು ಹಿಡಿದ್ರೆ ಎರಡು ಪಾಯಿಂಟ್, 22–21.

ಅವಳು ಎಡಕ್ಕೆ ಬಂದ್ಲು, ಕಾಲು ಚಾಚಿದ್ಲು. ಅಷ್ಟೇ ನಾನು ನೋಡಿದ್ದು. ಲೆಫ್ಟ್ ಕಾರ್ನರ್ ಆಗಲೇ ನೆಲದಲ್ಲಿದ್ಲು, ಎರಡೂ ಕೈ ಅವಳ ಗಂಟಿನ ಮೇಲೆ. ನಾವಿಬ್ಬರು ಓಡಿ ಹೋಗಿ ಮೇಲೆ ಬಿದ್ವಿ. ನಾಲ್ಕು ಜನರ ರಾಶಿ. ವಿಷಲ್ ಬಂತು, ಎರಡು ಬೆರಳು ಎತ್ತಿದ್ರು. ಗೆದ್ವಿ!

ನಾಲ್ಕನೇ ಫೋಟೋ ಆಗ ತೆಗೆದಿದ್ದು. ಎಲ್ಲರೂ ಎಗರ್ತಿದ್ದೀವಿ. ಸರಿಯಾಗಿ ನೋಡಿ, ಒಬ್ಬಳು ಎಗರ್ತಿಲ್ಲ. ಒಂದು ಕಾಲ ಮೇಲೆ ನಿಂತು ನಗ್ತಿದ್ದಾಳೆ. ಆ ರಾಶಿಯಲ್ಲಿ ಯಾರ ಭಾರ ಅವಳ ಪಾದದ ಮೇಲೆ ಬಿತ್ತೋ ಗೊತ್ತಿಲ್ಲ. ಹತ್ತಿ ತುರುಕಿದ ಶೂ ಒಳಗೆ ಪಾದ ಹೊರಳಿತ್ತು.

7/9

ಮೂರನೇ ಮ್ಯಾಚು ಮೂರೂವರೆಗೆ. ಕ್ವಾರ್ಟರ್ ಫೈನಲ್. ನಡುವೆ ಊಟ, ಯಾರದೋ ಮನೆಯ ಪುಳಿಯೋಗರೆ, ಯಾರದೋ ಮನೆಯ ಚಪಾತಿ. ಎರಡೂವರೆಗೆ ಎಂಟನೆಯವಳು ಎದ್ಲು. ಅವಳು ಮಾಮೂಲಿ ಕ್ಲಾಸ್ ಮುಗಿಸಿ ಬರೋ ಹೊತ್ತಿಗೆ ಮನೇಲಿರಬೇಕು, ಇಲ್ಲಾಂದ್ರೆ ಆಟ ನಿಂತೇ ಹೋಗುತ್ತೆ. ಜೆರ್ಸಿ ಬಿಚ್ಚಿ ಚೂಡಿದಾರ ಹಾಕ್ಕೊಂಡು, ಅಳ್ತಾ ಬಸ್ ಹತ್ತಿದ್ಲು. ಅವಳ ಮೇಲೆ ನಂಗೆ ಆಗ ಸಿಟ್ಟು ಬಂದಿತ್ತು. ಈಗ ಇಲ್ಲ.

ಉಳಿದಿದ್ದು ಏಳು. ಲೆಫ್ಟ್ ಕಾರ್ನರ್ ಶೂ ಬಿಚ್ಚಿ ಕೂತಿದ್ಲು. ಗಂಟಿನ ಪಕ್ಕ ನಿಂಬೆಹಣ್ಣಿನಷ್ಟು ಊದಿತ್ತು. ನೂರು ರೂಪಾಯಿಯ ಕ್ರೇಪ್ ಬ್ಯಾಂಡೇಜ್ ತೆಗೆದು ನಾನೇ ಸುತ್ತಿದೆ. ಅವಳ ಮುಖ ನೋಡದೆ ಸುತ್ತಿದೆ.

ಪಿಟಿ ಸರ್ ಪಕ್ಕದ ಗ್ರೌಂಡಿಂದ ಓಡಿ ಬಂದ್ರು. ಅವರೊಬ್ಬರೇ ಎರಡೂ ಟೀಮು ನೋಡ್ಕೋಬೇಕು, ಅಲ್ಲಿ ಹುಡುಗರದ್ದೂ ಮ್ಯಾಚ್ ಇತ್ತು. ‘ಏನಮ್ಮ, ಕಾಲು ಸರಿಯಾಗಿದೆಯಾ? ಆಡ್ತೀಯಾ?’ ಅಂತ ಅವಳನ್ನ ಕೇಳಿದ್ರು.

ಅವಳು ನನ್ನ ಮುಖ ನೋಡಿದ್ಲು.

ನಾನು ಹೇಳಿದೆ, ‘ಸರಿಯಾಗಿದೆ ಸರ್, ಸ್ವಲ್ಪ ಉಳುಕಿದೆ ಅಷ್ಟೆ.’

ನಿಮಗೆ ಹೇಳಬೇಕು ಅಂತಿದ್ದಿದ್ದು ಇದೇ. ನಾನು ಸ್ಪ್ರೇ ಹೊಡೆದಾಗ ಅವಳು ತುಟಿ ಕಚ್ಚಿ ಕಣ್ಣು ಮುಚ್ಚಿದ್ದು ನೋಡಿದ್ದೆ. ಸರಿಯಾಗಿಲ್ಲ ಅಂತ ನಂಗೆ ಗೊತ್ತಿತ್ತು. ಆರು ಜನ ಇಟ್ಕೊಂಡು ಆಡಬಹುದಾ ಅಂತ ಕೇಳಬಹುದಿತ್ತು, ಅಫಿಷಿಯಲ್ಸ್ ಟೇಬಲ್ ಹತ್ತು ಹೆಜ್ಜೆ ದೂರ ಇತ್ತು. ಕೇಳಲಿಲ್ಲ. ‘ಇಲ್ಲ’ ಅಂದುಬಿಟ್ರೆ ಅನ್ನೋ ಭಯ. ಸೆಲೆಕ್ಟರ್‌ಗಳು ಕುರ್ಚಿ ಹಾಕ್ಕೊಂಡು ಕೂತಿದ್ರು. ಬೆಳಿಗ್ಗೆ ನನ್ನ ಏಳು ಪಾಯಿಂಟ್ ಅವರಲ್ಲಿ ಒಬ್ಬರು ಬರ್ಕೊಂಡಿದ್ದನ್ನ ನೋಡಿದ್ದೆ. ಇನ್ನೊಂದು ಮ್ಯಾಚ್ ಸಿಕ್ರೆ ಸಾಕು ಅನ್ನಿಸ್ತಿತ್ತು. ಟೀಮಿಗೋಸ್ಕರ ಹೇಳಿದೆ ಅಂತ ಆಮೇಲೆ ತುಂಬ ದಿನ ನನಗೆ ನಾನೇ ಹೇಳ್ಕೊಂಡಿದ್ದೀನಿ. ಟೀಮಿಗೋಸ್ಕರ ಅಲ್ಲ.

ಮ್ಯಾಚ್ ಬಗ್ಗೆ ಜಾಸ್ತಿ ಇಲ್ಲ. ಎದುರಾಳಿಗಳಲ್ಲಿ ಮೂರು ಜನ ರಾಜ್ಯ ಮಟ್ಟಕ್ಕೆ ಆಡಿದವರು. 14–37. ನಾನು ಎರಡು ಪಾಯಿಂಟ್ ತಂದೆ, ಆರು ಸಲ ಸಿಕ್ಕಿಬಿದ್ದೆ. ಲೆಫ್ಟ್ ಕಾರ್ನರ್ ಒಂದೂವರೆ ಕಾಲಲ್ಲಿ ನಿಂತು ಮೂರು ರೈಡರನ್ನ ಹಿಡಿದ್ಲು. ಮೂರನೆಯವಳು ರಾಜ್ಯ ಟೀಮಿನವಳು, ಗಟ್ಟಿ ಮೈ. ಕಾಲು ಬಿಡಿಸಿಕೊಳ್ಳೋಕೆ ಪೂರ್ತಿ ತಿರುಗಿದ್ಲು. ಇವಳು ಬಿಡಲಿಲ್ಲ. ಮ್ಯಾಟು ಪಾದ ಬಿಡಲಿಲ್ಲ. ಪಾಯಿಂಟ್ ನಮಗೆ ಬಂತು. ಅವಳು ಏಳಲಿಲ್ಲ.

ಸ್ಟ್ರೆಚರ್ ಮೇಲೆ ಹೋಗುವಾಗ ಅವಳು ಕೇಳಿದ್ದು, ‘ಪಾಯಿಂಟ್ ಕೊಟ್ರಾ?’

8/9

ಲಿಗಮೆಂಟ್ ಹರಿದಿತ್ತು. ಸ್ಕ್ಯಾನಿಂಗ್, ಬ್ರೇಸ್, ಡಾಕ್ಟರ್ ಫೀಸು ಎಲ್ಲ ಸೇರಿ 9,400. ‘ಟೂರ್ನಮೆಂಟಲ್ಲಿ ಬಿದ್ದು ಪೆಟ್ಟಾಗಿದೆ, ಕೈಲಾದಷ್ಟು ಕೊಡಿ’ ಅಂತ ನಾನು ಕ್ಲಾಸ್ ಗ್ರೂಪಲ್ಲಿ ಹಾಕಿದ್ದು ಆವಾಗಲೇ. 3,150 ಬಂತು. ಐದನೇ ಫೋಟೋದಲ್ಲಿ ಪಟ್ಟಿ ಇದೆ, ನಿಮ್ಮ ಹೆಸರು ಮುಚ್ಚಿದ್ದೀನಿ, ಮೊತ್ತ ಕಾಣುತ್ತೆ. ಒಬ್ಬರು 11 ರೂಪಾಯಿ ಕಳಿಸಿ ‘ಸಾರಿ, ಇಷ್ಟೇ ಇದೆ’ ಅಂತ ಬರೆದಿದ್ರು. ಉಳಿದಿದ್ದು ಅವಳ ಅಪ್ಪ ಕೊಟ್ರು, ಓಟಿ ಮಾಡಿ.

ಹತ್ತು ದಿನ ಆದ್ಮೇಲೆ ಟ್ರಯಲ್ಸ್ ಪಟ್ಟಿ ಬಂತು. ಸರ್ ಸ್ಟಾಫ್ ರೂಮಿಗೆ ಕರೆದು ಫೋನ್ ತೋರಿಸಿದ್ರು. ನಮ್ಮ ಕಾಲೇಜಿಂದ ಒಂದೇ ಹೆಸರು. ಓದಿ ಮುಗಿಸೋ ಮೊದಲೇ ನನ್ನ ಹೆಸರು ಹುಡುಕ್ತಿದ್ದೆ ಅಂತ ಒಪ್ಕೋತೀನಿ.

ಲೆಫ್ಟ್ ಕಾರ್ನರ್.

ಒಂದು ಕಾಲಲ್ಲಿ ಮೂರು ಜನರನ್ನ ಹಿಡಿದವಳನ್ನ ಯಾರು ತಾನೇ ಬಿಡ್ತಾರೆ. ಟ್ರಯಲ್ಸ್ ಇನ್ನು ಆರು ದಿನಕ್ಕೆ. ಅವಳಿಗೆ ನೆಲದ ಮೇಲೆ ಕಾಲೂರೋಕೆ ಇನ್ನೂ ಒಂದು ತಿಂಗಳು ಬೇಕು. ಅದನ್ನ ಅವಳಿಗೆ ಹೇಳೋ ಕೆಲಸ ಸರ್ ನಂಗೇ ಕೊಟ್ರು, ‘ನೀನು ಅವಳ ಫ್ರೆಂಡ್ ಅಲ್ವೇನಮ್ಮ’ ಅಂತ.

ಅವರ ಮನೆಗೆ ಹೋದೆ. ಅವರಮ್ಮ ಕಾಫಿ ಕೊಟ್ಟು ‘ನೀವೆಲ್ಲ ಇಲ್ಲದಿದ್ರೆ ಏನ್ ಮಾಡ್ತಿದ್ವೋ ಮಗಾ’ ಅಂದ್ರು. ಆ ಲೋಟ ಹಿಡ್ಕೊಂಡು ಕೂತಿದ್ದು ನನ್ನ ಜೀವನದ ಅತಿ ಉದ್ದದ ಐದು ನಿಮಿಷ. ಪಟ್ಟಿ ವಿಷಯ ಹೇಳಿದೆ. ಅವಳು ‘ಹೌದಾ’ ಅಂದ್ಲು. ಫೋನ್ ಇಸ್ಕೊಂಡು ತನ್ನ ಹೆಸರನ್ನ ದೊಡ್ಡದು ಮಾಡಿ ನೋಡಿದ್ಲು. ಸ್ಪೆಲ್ಲಿಂಗ್ ತಪ್ಪಿದೆ ಅಂತ ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿ ಮಲ್ಕೊಂಡ್ಲು.

ಇನ್ನೊಂದು ವಿಷಯ ಇತ್ತಲ್ಲ, ಅದನ್ನ ಅವತ್ತು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಬಸ್‌ಸ್ಟಾಪ್‌ವರೆಗೆ ಬಂದು, ವಾಪಸ್ ಹೋಗಿ, ಗೇಟ್ ಹತ್ರ ನಿಂತು, ಮತ್ತೆ ಬಸ್‌ಸ್ಟಾಪಿಗೆ ಬಂದೆ.

9/9

ಹೇಳಿದ್ದು ಎಂಟು ತಿಂಗಳಾದ್ಮೇಲೆ, ಹೋದ ತಿಂಗಳು. ದಾಸರಹಳ್ಳಿ ಮೆಟ್ರೋ ಕೆಳಗೆ ಪಾನಿಪುರಿ ತಿಂತಿದ್ವಿ. ‘ಅವತ್ತು ಸರ್ ಕೇಳಿದಾಗ ನಿನ್ನ ಕಾಲು ಸರಿ ಇಲ್ಲ ಅಂತ ನಂಗೆ ಗೊತ್ತಿತ್ತು’ ಅಂದೆ.

ಅವಳು ಬಾಯಲ್ಲಿದ್ದ ಪುರಿ ಮುಗಿಸಿದ್ಲು. ‘ನನಗೂ ಗೊತ್ತಿತ್ತಲ್ಲ. ನನ್ನ ಕಾಲು ಅದು.’

‘ನಾನು ಸರಿಯಾಗಿದೆ ಅಂದೆ.’

‘ನೀನು ಅಂದಿದ್ದಕ್ಕೆ ನಾನು ಆಡಲಿಲ್ಲ. ನನಗೂ ಸೆಲೆಕ್ಟರ್ ಕಾಣಿಸ್ತಿದ್ರು.’ ಸ್ವಲ್ಪ ಹೊತ್ತು ಸುಮ್ಮನಿದ್ಲು. ನಾನು ಹಗುರ ಆಗ್ತಿದ್ದೆ. ಆಗ ಅಂದ್ಲು, ‘ಆದ್ರೆ ನನ್ನನ್ನ ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಬಾರದಿತ್ತು ಕಣೆ.’

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇವತ್ತಿಗೂ ಇಲ್ಲ. ಇಬ್ಬರೂ ಇನ್ನೊಂದು ಪ್ಲೇಟ್ ತಗೊಂಡ್ವಿ. ದುಡ್ಡು ಅವಳು ಕೊಡೋಕೆ ಬಂದ್ಲು, ನಾನು ಬಿಡಲಿಲ್ಲ. ಅದಕ್ಕೂ ಬೈದ್ಲು, ‘ಪ್ರಾಯಶ್ಚಿತ್ತಾನಾ?’ ಅಂತ.

ಇದನ್ನೆಲ್ಲ ಪೋಸ್ಟ್ ಮಾಡಲಾ ಅಂತ ಕೇಳಿದ್ದಕ್ಕೆ ಮೊದಲು ಬೇಡ ಅಂದ್ಲು. ಮೂರು ದಿನ ಆದ್ಮೇಲೆ ಮೆಸೇಜ್ ಬಂತು, ‘ದುಡ್ಡು ಕೊಟ್ಟವರಿಗೆ ಗೊತ್ತಾಗ್ಲಿ. ಹೆಸರು ಬೇಡ.’ ಹಾಗಾಗಿ ಹಾಕಿದ್ದೀನಿ. ನಿಮ್ಮ ದುಡ್ಡು ವಾಪಸ್ ಬೇಕು ಅನ್ಸಿದ್ರೆ ಮೆಸೇಜ್ ಮಾಡಿ, ಕೊಡ್ತೀನಿ. ತಮಾಷೆ ಮಾಡ್ತಿಲ್ಲ. ರಜೆಯಲ್ಲಿ ಒಬ್ಬ ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ಬಿಲ್ ಎಂಟ್ರಿ ಮಾಡಿ ಸ್ವಲ್ಪ ಕೂಡಿಸಿದ್ದೀನಿ. ಅವಳ ಅಪ್ಪ ಕೊಟ್ಟಿದ್ದರಲ್ಲಿ 2,000 ಮುಟ್ಟಿಸಿದೆ, ‘ಕಾಲೇಜಿಂದ ಬಂತು ಅಂಕಲ್’ ಅಂತ ಹೇಳಿ. ಅದೂ ಸುಳ್ಳೇ, ಗೊತ್ತು. ಅದನ್ನ ಸರಿ ಮಾಡೋದು ಹೇಗೆ ಅಂತ ಯೋಚಿಸ್ತಿದ್ದೀನಿ.

ಅವಳು ಮತ್ತೆ ಓಡೋಕೆ ಶುರು ಮಾಡಿದ್ದಾಳೆ. ಕೆರೆ ಸುತ್ತ ಪೂರ್ತಿ ಅಲ್ಲ, ಅರ್ಧ. ಡಾಕ್ಟರ್ ಈ ವರ್ಷ ಮ್ಯಾಟ್ ಬೇಡ ಅಂದಿದ್ದಾರೆ, ಮಣ್ಣಲ್ಲಿ ನೋಡ್ಕೊಂಡು ಆಡು ಅಂದಿದ್ದಾರೆ. ಪ್ರ್ಯಾಕ್ಟೀಸಿಗೆ ಬಂದು ಗೆರೆ ಹೊರಗೆ ಕುರ್ಚಿ ಹಾಕ್ಕೊಂಡು 30 ಸೆಕೆಂಡ್ ಎಣಿಸ್ತಾಳೆ. ಹೊಸಬಳೊಬ್ಬಳಿಗೆ ಕಾಲು ಹಿಡಿಯೋದು ಹೇಳಿಕೊಡ್ತಿದ್ದಾಳೆ. ಕಣ್ಣು ನೋಡಬೇಡ, ಮಂಡಿ ನೋಡು ಅಂತ ಮೂವತ್ತು ಸಲ ಹೇಳ್ತಾಳೆ.

ನೋಟಿಸ್ ಬೋರ್ಡಲ್ಲಿ ಈ ವರ್ಷದ ಪಟ್ಟಿ ಹಾಕಿದ್ದಾರೆ. ಹನ್ನೆರಡು ಸಾಲಿದೆ, ಆರು ಹೆಸರಿದೆ. ಮೊದಲ ವರ್ಷದವರು, ಬಿಬಿಎ, ಬಿಸಿಎ, ಯಾರಾದ್ರೂ ಬನ್ನಿ. ಆಡಿ ಗೊತ್ತಿರಬೇಕು ಅಂತಿಲ್ಲ. ಸೋಮವಾರದಿಂದ ಶುಕ್ರವಾರ, ಸಂಜೆ 4ಕ್ಕೆ, ಬೈಕ್ ಸ್ಟ್ಯಾಂಡ್ ಹಿಂದೆ. ಮನೇಲಿ ಹೇಳೋಕೆ ಆಗಲ್ಲ ಅನ್ನೋರು ನಂಗೆ ಮೆಸೇಜ್ ಮಾಡಿ, ಮಾತಾಡೋಣ. ಶೂ ಸೈಜ್ ಹೇಳಿ, ಈ ಸಲ 5 ಕೂಡ ತರಿಸ್ತಿದ್ದೀನಿ.